ಕಪಾಟಿನಲ್ಲಿ ಹುಳು

ಜೂನ್ 4

ಪ್ರೀತಿಯ ರೇಡಿಯೋ,

ಐದನೇ ಅಧ್ಯಾಯದ ಎರಡೂ ಕ್ಯಾಸೆಟ್ ವಾಪಸ್ ಕಳಿಸುತ್ತಿದ್ದೇನೆ. ಬೈಯಬೇಡ. ನಿನ್ನ ಓದಿನಲ್ಲಿ ನಾನು ಎಂದೂ ಕೊಂಕು ಹುಡುಕಿದವಳಲ್ಲ. ಆದರೆ ಮೊದಲನೆಯದರಲ್ಲಿ ಮೂರು ಕಡೆ ಕೆಮ್ಮು ಬಂದಿದೆ, ಎರಡನೆಯದರಲ್ಲಿ ಒಂದು ಕಡೆ ಕೆಮ್ಮು ತಡೆಯಲಾರದೆ ನೀನು ಗುಂಡಿ ಒತ್ತಿದ ‘ಟಕ್’ ಬಂದಿದೆ. ನಮ್ಮ ಅಂಧರ ಗ್ರಂಥಾಲಯದ ನಿಯಮ ನಿನಗೆ ಗೊತ್ತಲ್ಲ. ಇಡೀ ಪುಸ್ತಕವನ್ನು ಕಿವಿಯಲ್ಲೇ ಓದುವವರಿಗೆ ಒಂದು ಕೆಮ್ಮು ಎಂದರೆ ಪುಟದ ಮೇಲೆ ಚೆಲ್ಲಿದ ಶಾಯಿ. ಸೆಪ್ಟೆಂಬರಿನಲ್ಲಿ ಆರು ಜನ ಕಾನೂನು ಪರೀಕ್ಷೆಗೆ ಕೂರುತ್ತಾರೆ. ಅವರಿಗೆ ಈ ಪುಸ್ತಕ ನಿನ್ನ ಬಾಯಿಂದಲ್ಲದೆ ಬೇರೆಲ್ಲೂ ಸಿಗುವುದಿಲ್ಲ.

ಕೆಮ್ಮು ನುಂಗುವುದನ್ನು ನಿನಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ. ತುಟಿ ಬಿಗಿಯಾಗಿ ಮುಚ್ಚು, ಗಂಟಲು ಮುಚ್ಚು, ಕೆಮ್ಮನ್ನು ಎದೆಯೊಳಕ್ಕೆ ತಳ್ಳಿ ಐದು ಎಣಿಸು. ನಾನು ಹನ್ನೊಂದು ವರ್ಷ ಓದಿದೆ, ಒಂದು ಕೆಮ್ಮೂ ಟೇಪಿಗೆ ಸಿಗಲಿಲ್ಲ.

ಹೊಸ ಮೈಕ್ ಇಟ್ಟಿದ್ದೇನೆ. ಇದನ್ನು ಮೇಜಿನ ಮೇಲಿಡಬೇಡ, ಅಂಗಿಯ ಕಾಲರಿಗೆ ಸಿಕ್ಕಿಸಿಕೋ. ಬೀದಿಯ ಸದ್ದು ಕಡಿಮೆ ಬರುತ್ತದೆ.

ನಿನ್ನ ಗಂಡ, ನಮ್ಮ ಬಡಗಿ ಮೇಸ್ತ್ರಿಗೆ, ನನ್ನ ನೆನಪು ಹೇಳು. ನೀನು ಒಳಗೆ ಕೂತು ಓದಲೆಂದು ಅವರು ಮಾಡಿಕೊಟ್ಟ ಕಪಾಟಿನಷ್ಟು ನಿಶ್ಶಬ್ದವಾದ ಜಾಗ ನಮ್ಮ ಆಫೀಸಿನಲ್ಲೂ ಇಲ್ಲ.

ನಿನ್ನ ಅಕ್ಕ


ಜೂನ್ 9

ಅಕ್ಕಾ, ಅಲ್ಲಲ್ಲ, ಇನ್ಸ್‌ಪೆಕ್ಟರ್ ಸಾಹೇಬರೇ,

ಐದನೇ ಅಧ್ಯಾಯ ಮತ್ತೆ ಓದಿ ಕಳಿಸಿದ್ದೇನೆ. ಈ ಸಲ ಕೆಮ್ಮು ಹುಡುಕಿ ಕೊಟ್ಟರೆ ನಿನಗೆ ಬಹುಮಾನ.

ನಮ್ಮ ಬೀದಿಯಲ್ಲಿ ಮನೆಮನೆಗೂ ಫ್ಲೂ ಬಂದಿದೆ. ಮೊದಲು ಮೇಸ್ತ್ರಿ ಮಲಗಿದರು, ಆಮೇಲೆ ನಾನು. ಜ್ವರ ಹೋಯಿತು, ಕೆಮ್ಮು ಮಾತ್ರ ಬಾಡಿಗೆ ಮನೆ ಖಾಲಿ ಮಾಡದವನ ಹಾಗೆ ಕೂತಿದೆ. ಆದರೂ ಕಪಾಟಿನೊಳಗೆ ಕೂತು ಬಾಗಿಲು ಎಳೆದುಕೊಂಡ ಮೇಲೆ ಒಂದನ್ನೂ ಹೊರಗೆ ಬಿಟ್ಟಿಲ್ಲ. ಪುಟಕ್ಕೆ ಹತ್ತು ಸಲವಾದರೂ ನುಂಗಿದ್ದೇನೆ. ಕಣ್ಣಲ್ಲಿ ನೀರು ಬಂದು ಅಕ್ಷರ ಕಾಣದ ಹಾಗಾಗುತ್ತಿತ್ತು. ಹೊರಗೆ ಬಂದಾಗ ಮೇಸ್ತ್ರಿ ನೋಡಿ, “ಏನೇ ಇದು, ಮುಖ ಇಷ್ಟು ಕೆಂಪು? ಒಳಗೆ ಕೂತು ಕಾನೂನು ಓದ್ತಿದ್ದೀಯೋ ಕಲ್ಲು ಹೊರ್ತಿದ್ದೀಯೋ?” ಅಂದರು.

ಬೇರೇನೂ ಇಲ್ಲ. ಸ್ವಲ್ಪ ಸುಸ್ತು, ಅಷ್ಟೇ.

ರೇಡಿಯೋ


ಜೂನ್ 13

ಪ್ರೀತಿಯ ರೇಡಿಯೋ,

ಕೆಮ್ಮು ಒಂದೂ ಇಲ್ಲ, ಬಹುಮಾನ ನಿನಗೇ. ಆದರೆ ಹೇಳಲು ಸಂಕೋಚವಾಗುತ್ತಿದೆ, ಕ್ಯಾಸೆಟ್ ಮತ್ತೆ ವಾಪಸ್ ಬರುತ್ತಿದೆ. ಎರಡನೆಯದರ ಅರ್ಧದಿಂದ ಮುಂದೆ ಒಂದು ಸದ್ದು ಶುರುವಾಗುತ್ತದೆ. ತೀರ ಸಣ್ಣದು. ಕರಕ್, ಕರಕ್ ಎಂದು ಒಂದೇ ಲಯದಲ್ಲಿ. ನಿನ್ನ ಮಾತಿನಡಿ ಅಡಗಿರುತ್ತದೆ, ಪುಟ ತಿರುಗಿಸುವಾಗ ಮೇಲೆ ಬರುತ್ತದೆ. ಒಮ್ಮೆ ಕಿವಿಗೆ ಬಿತ್ತೆಂದರೆ ಮತ್ತೆ ಅದನ್ನು ಬಿಟ್ಟು ಬೇರೇನೂ ಕೇಳುವುದಿಲ್ಲ.

ಗಡಿಯಾರವಿರಬಹುದೇ? ಕುರ್ಚಿಯ ಕೀಲು? ರೆಕಾರ್ಡರಿನ ಚಕ್ರ? ಒಂದೊಂದಾಗಿ ತೆಗೆದು ನೋಡು. ಇಷ್ಟು ಸಣ್ಣದಕ್ಕೆ ನಿನ್ನನ್ನು ಕಾಡುತ್ತಿದ್ದೇನೋ ಎಂದು ಎರಡು ಸಲ ಯೋಚಿಸಿದೆ. ಆದರೂ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಅಕ್ಕ


ಜೂನ್ 16

ಅಕ್ಕಾ,

ಗಡಿಯಾರವನ್ನು ಗಡೀಪಾರು ಮಾಡಿದೆ. ಕುರ್ಚಿ ಬಿಟ್ಟು ಸ್ಟೂಲ್ ಮೇಲೆ ಕೂತು ಓದಿದೆ. ಮೂರನೇ ಸಲ ಓದುವಷ್ಟರಲ್ಲಿ ಈ ಅಧ್ಯಾಯ ನನಗೆ ಬಾಯಿಪಾಠ. ಪರೀಕ್ಷೆಗೆ ನಾನೂ ಕೂರುತ್ತೇನೆ.

ನಿನ್ನ ಸದ್ದು ಸಿಕ್ಕಿತು! ನಿನ್ನೆ ಮಧ್ಯಾಹ್ನ ಓದಿ ಸಾಕಾಗಿ ಕಪಾಟಿನ ಪಕ್ಕದ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದೆ. ನನಗೇ ಕೇಳಿಸಿತು. ನೀನು ಬರೆದ ಹಾಗೇ ಕರಕ್, ಕರಕ್. ಎದ್ದು ಕೂತರೆ ಇಲ್ಲ, ಎಡಕ್ಕೆ ಮಲಗಿದರೆ ಇದೆ. ಮೇಸ್ತ್ರಿಯನ್ನು ಕೂಗಿದೆ. ಅವರು ನನ್ನ ಪಕ್ಕದಲ್ಲಿ ಬಗ್ಗಿ ಕಿವಿಗೊಟ್ಟರು. ಮುಖ ಸಣ್ಣದಾಯಿತು. “ಹುಳು ಕಣೇ. ಮರ ಕೊರೀತಿದೆ. ನಾನು ಆರಿಸಿದ ಮರಕ್ಕೆ ಹುಳು!” ನನಗಿಂತ ಅವರ ಮರ್ಯಾದೆಗೆ ಹೆಚ್ಚು ಪೆಟ್ಟಾಗಿದೆ. ಆಗಿನಿಂದ ಒಂದೊಂದೇ ಹಲಗೆ ಬಿಚ್ಚಿ, ಬೆರಳಲ್ಲಿ ತಟ್ಟಿ, ತೂತು ಹುಡುಕುತ್ತಿದ್ದಾರೆ. ಒಂದೂ ಸಿಕ್ಕಿಲ್ಲ. “ಒಳಗೇ ಎಲ್ಲೋ ಇದೆ, ಎಲ್ಲಿ ಹೋಗುತ್ತೆ?” ಅನ್ನುತ್ತಾರೆ.

ಅಂಗಿಯ ಕಾಲರ್ ಗುಂಡಿ ಹಾಕಲು ಆಗುತ್ತಿಲ್ಲ, ಮಲಗಿ ಮಲಗಿ ಕುತ್ತಿಗೆ ದಪ್ಪಗಾಗಿದೆ. ದನಿ ಸ್ವಲ್ಪ ಮೂಗಿನಲ್ಲಿ ಬಂದಿದ್ದರೆ ಕ್ಷಮಿಸು, ನೆಗಡಿ.

ರೇಡಿಯೋ


ಜೂನ್ 21

ತಂಗೀ,

ಈ ಪತ್ರ ಕೈಗೆ ಬಂದ ಕೂಡಲೇ ಮುಂದೆ ಓದುವ ಮೊದಲು ಆಸ್ಪತ್ರೆಗೆ ಹೋಗು. ಬೀದಿ ಕೊನೆಯ ಡಾಕ್ಟರ ಹತ್ತಿರವಲ್ಲ, ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ. ಮೇಸ್ತ್ರಿಯ ವರ್ಕ್‌ಶಾಪಿಗೆ ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ. ಗಂಟೆ ಹೊಡೆಯುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ.

ಅದು ಹುಳುವಲ್ಲ.

ಮೂರನೇ ಸಲದ ಕ್ಯಾಸೆಟ್‌ನಲ್ಲಿ ಸದ್ದು ಮೊದಲ ಪುಟದಿಂದಲೇ ಇದೆ. ಕೂತಾಗ ನಿನ್ನ ಕಿವಿಗೆ ಕೇಳದ್ದು ಕಾಲರಿನ ಮೈಕ್‌ಗೆ ಕೇಳಿದೆ. ನಾನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದೊಂದಕ್ಕೆ ಒಂದೊಂದು ಗೀಟು ಹಾಕುತ್ತಾ ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ನೂರನಾಲ್ಕು. ನೀನು ಒಂದು ಉದ್ದದ ಕಲಮನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ ಮೇಲೆ ಎಣಿಸಿದರೆ ನೂರಹದಿನೆಂಟು. ನೀನು ಸುಮ್ಮನೆ ಕೂತು ಸುಧಾರಿಸಿಕೊಂಡಾಗ ಮತ್ತೆ ಇಳಿಯುತ್ತದೆ. ಯಂತ್ರಕ್ಕೆ ಏದುಸಿರು ಬರುವುದಿಲ್ಲ. ಮರದ ಹುಳುವಿಗೆ ಕಾನೂನಿನ ಕಲಮು ಗೊತ್ತಿಲ್ಲ. ನನ್ನ ಬೆರಳು ತಾನಾಗಿ ನನ್ನ ಮಣಿಕಟ್ಟಿಗೆ ಹೋಯಿತು.

ನಮ್ಮ ಮೇಲಿನ ಮಹಡಿಯಲ್ಲಿ ಎದೆರೋಗದ ಡಾಕ್ಟರೊಬ್ಬರ ಕ್ಲಿನಿಕ್ ಇದೆ. ಅವರನ್ನು ಕರೆತಂದು ಹೆಡ್‌ಫೋನ್ ಕೊಟ್ಟೆ. ಮೊದಲು ನಕ್ಕರು, “ಏನಮ್ಮಾ, ಟೇಪಿಗೆ ಔಷಧಿ ಬರೀಬೇಕಾ?” ಅಂದರು. ಅರ್ಧ ನಿಮಿಷ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, “ಇವರು ಈಗ ಎಲ್ಲಿದ್ದಾರೆ?” ಎಂದು ಕೇಳಿದರು.

ಶ್ವಾಸಕೋಶದಿಂದ ಗಾಳಿ ಸೋರಿ ಹೃದಯದ ಸುತ್ತ ಸೇರಿಕೊಂಡರೆ, ಪ್ರತಿ ಬಡಿತಕ್ಕೂ ಹೃದಯ ಆ ಗಾಳಿಗುಳ್ಳೆಗಳನ್ನು ಹಿಸುಕುವ ಸದ್ದು ಹೀಗೆ ಬರುತ್ತದಂತೆ. ತೀರ ಅಪರೂಪವಂತೆ. ಕುತ್ತಿಗೆ ದಪ್ಪವಾಗಿದೆಯೇ, ದನಿ ಮೂಗಿನಲ್ಲಿ ಬರುತ್ತಿದೆಯೇ ಎಂದು ಕೇಳಿದರು. ನಿನ್ನ ಪತ್ರವನ್ನು ಅವರ ಮುಂದಿಟ್ಟೆ.

ಕೆಮ್ಮು ನುಂಗಬೇಡ. ದಯವಿಟ್ಟು. ಇನ್ನೊಂದನ್ನೂ ನುಂಗಬೇಡ.

ಅಕ್ಕ


ಜೂನ್ 22

ಅತ್ತಿಗೆಯವರಿಗೆ ನಮಸ್ಕಾರ,

ನಂಗೆ ಪತ್ರ ಬರೆಯೋ ಅಭ್ಯಾಸ ಇಲ್ಲ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಇವಳು ಆಸ್ಪತ್ರೇಲಿದ್ದಾಳೆ. ಜೀವಕ್ಕೆ ಈಗ ಭಯ ಇಲ್ಲ ಅಂತ ಡಾಕ್ಟ್ರು ಹೇಳ್ತಾರೆ, ಆದ್ರೆ ಹೇಳುವಾಗ ನನ್ನ ಮುಖ ನೋಡಲ್ಲ.

ಹತ್ತೊಂಬತ್ತಕ್ಕೆ ಕುತ್ತಿಗೆ ಊದ್ಕೊಂಡಿತ್ತು. ಬೀದಿ ಡಾಕ್ಟ್ರು ಅಲರ್ಜಿ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಇಪ್ಪತ್ತಕ್ಕೆ ಎದ್ದಾಗ ಮುಖ ಗುರುತೇ ಸಿಗ್ಲಿಲ್ಲ, ಕಣ್ಣು ಮುಚ್ಚಿಹೋಗಿತ್ತು. ನೋವಿದೆಯಾ ಅಂತ ಕುತ್ತಿಗೆ ಮುಟ್ಟಿದೆ. ಚರ್ಮದ ಕೆಳಗೆ ಕರಕರ ಅಂತು. ಮರದ ಒಣಸಿಪ್ಪೆ ಮೇಲೆ ಕಾಲಿಟ್ಟಂಗೆ. ಕೈ ಹಿಂದಕ್ಕೆ ತಗೊಂಡ್ಬಿಟ್ಟೆ ಅತ್ತಿಗೆ. ಹೆಂಡ್ತಿ ಮೈ ಮುಟ್ಟೋಕೆ ಹೆದರಿದೆ. ಆಟೋದಲ್ಲಿ ಹೋಗೋವಾಗ ಇವಳಿಗೆ ಉಸಿರೇ ಸಾಲ್ದಾಯ್ತು.

ಫ್ಲೂ ಬಂದು ಶ್ವಾಸಕೋಶ ಮೆತ್ತಗಾಗಿತ್ತಂತೆ. ಕೆಮ್ಮನ್ನ ಒಳಗೇ ಒತ್ತಿ ಒತ್ತಿ ಎಲ್ಲೋ ಸಣ್ಣ ಗುಳ್ಳೆ ಒಡೆದು ಗಾಳಿ ಸೋರಿದೆ. ಹೃದಯದ ಸುತ್ತ ತುಂಬ್ಕೊಂಡು ಕುತ್ತಿಗೆಗೆ ಹತ್ತಿದೆ. ಇಪ್ಪತ್ತಕ್ಕೆ ಬಲಗಡೆ ಶ್ವಾಸಕೋಶನೇ ಕುಸಿದಿದೆ. ಪಕ್ಕೆಯಲ್ಲಿ ತೂತು ಮಾಡಿ ಟ್ಯೂಬ್ ಹಾಕಿದ್ದಾರೆ. ಅದರ ಇನ್ನೊಂದು ತುದಿ ನೀರಿನ ಬಾಟ್ಲಿಯಲ್ಲಿದೆ. ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಇಂಥದ್ದು ಮೂರೇ ನೋಡಿದ್ದೀನಿ ಅಂತಾರೆ ಡಾಕ್ಟ್ರು.

ನಾನು ಹಲಗೆ ತಟ್ಕೊಂಡು ಕೂತಿದ್ದೆ. ಹುಳು ಇವಳ ಎದೇಲಿತ್ತು, ನಾನು ಮರದಲ್ಲಿ ಹುಡುಕ್ತಾ ಇದ್ದೆ.

ನೀವು ಬರಬೇಡಿ. ಸೋಂಕಿನ ವಾರ್ಡು, ನನ್ನೊಬ್ಬನ್ನೇ ಬಿಡ್ತಾರೆ, ಅದೂ ಹತ್ತು ನಿಮಿಷ. ಮಾತಾಡಬಾರದು ಅಂತ ಹೇಳಿದ್ದಾರೆ. ಇವಳು ಸ್ಲೇಟಲ್ಲಿ ಬರೆದು ತೋರಿಸಿದ್ದು: “ಅಕ್ಕನಿಗೆ ಕ್ಯಾಸೆಟ್ ಸರಿಯಾಗಿತ್ತಾ ಅಂತ ಕೇಳಿ.”


ಜೂನ್ 25

ಮೇಸ್ತ್ರಿಯವರಿಗೆ,

ನಿಮ್ಮ ಪತ್ರ ಇವತ್ತು ಬಂತು. ನಾನು ಇಪ್ಪತ್ತೊಂದಕ್ಕೆ ಬರೆದದ್ದು ನಿಮಗೆ ತಡವಾಗಿ ಸಿಕ್ಕಿರುತ್ತದೆ. ಅದನ್ನು ಅವಳಿಗೆ ತೋರಿಸುವುದು ಬಿಡುವುದು ನಿಮ್ಮ ಇಷ್ಟ.

ಹೊರಡಲು ಚೀಲ ತುಂಬಿಟ್ಟಿದ್ದೆ. ಆದರೆ ನನಗೂ ಮೂರು ದಿನದಿಂದ ಜ್ವರ. ಇದನ್ನು ಅವಳಿಗೆ ಹೇಳಬೇಡಿ. ಈ ಮೈಯಲ್ಲಿ ಆ ವಾರ್ಡಿನ ಬಾಗಿಲಿಗೂ ಬರುವ ಹಾಗಿಲ್ಲ. ಕೆಮ್ಮು ಶುರುವಾಗಿದೆ. ಕೆಮ್ಮು ಬಂದಾಗ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಗಾಬರಿಯಿಂದ ಬಾಯಿ ತೆರೆಯುತ್ತೇನೆ. ಹನ್ನೊಂದು ವರ್ಷ ಹೆಮ್ಮೆಪಟ್ಟುಕೊಂಡ ವಿದ್ಯೆ ಇದು. ಇಷ್ಟು ವರ್ಷ ನನಗೆ ಏನೂ ಆಗದೆ, ನನ್ನಿಂದ ಕಲಿತವಳಿಗೆ ಆಯಿತು.

ದಿನಕ್ಕೊಂದು ಸಾಲು ಬರೆಯಿರಿ. ಒಂದು ಪದವಾದರೂ ಸಾಕು.

ಕ್ಯಾಸೆಟ್ ಸರಿಯಾಗಿತ್ತು ಎಂದು ಹೇಳಿ.


ಜೂನ್ 30

ಅಕ್ಕಾ,

ಪೆನ್ಸಿಲ್, ಮಲಗಿ ಬರೆಯುತ್ತಿದ್ದೇನೆ, ಅಕ್ಷರಕ್ಕೆ ನಗಬೇಡ. ನಿನ್ನ ಪತ್ರ ತೋರಿಸಿದರು. ನಿನಗೆ ಜ್ವರ ಎಂದೂ ಗೊತ್ತು. ಮೇಸ್ತ್ರಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಮುಖದ ಮೇಲೇ ಬರೆದಿರುತ್ತದೆ.

ಮುಖದ ಊತ ಇಳಿದಿದೆ. ಹೆದರಿಕೆ ಇಳಿದಿಲ್ಲ. ಮಂಚದ ಪಕ್ಕ ಬಾಟಲಿ ಇದೆ. ಅದರಲ್ಲಿ ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಒಂದೊಂದು ಗುಳ್ಳೆಯೂ ನನ್ನೊಳಗಿಂದ ಸೋರಿದ ಉಸಿರು. ಅದು ಜೋರಾದರೆ ಹೆದರಿಕೆ, ನಿಂತರೆ ಇನ್ನೂ ಹೆದರಿಕೆ.

ಈಗ ಒಂದು ತೊಂದರೆ ಇದೆ. ಶ್ವಾಸಕೋಶ ಪೂರ್ತಿ ಬಿಚ್ಚಿಕೊಳ್ಳಬೇಕಾದರೆ ನಾನು ಬಾಯಿ ತೆರೆದು ಕೆಮ್ಮಬೇಕಂತೆ, ಕಫ ಒಳಗೆ ನಿಲ್ಲಬಾರದಂತೆ. ನನಗೆ ಬರುತ್ತಿಲ್ಲ, ಅಕ್ಕಾ. ಕೆಮ್ಮು ಗಂಟಲವರೆಗೆ ಬರುತ್ತದೆ, ಅಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ನಾನು ಹಾಕುವುದಿಲ್ಲ, ತಾನಾಗಿ. ನರ್ಸ್ ಬೆನ್ನು ಹಿಡಿದು, “ಕೆಮ್ಮಮ್ಮಾ, ನಾಚ್ಕೋಬೇಡ, ಇಲ್ಲಿ ಯಾರ್ ನೋಡ್ತಾರೆ?” ಅನ್ನುತ್ತಾಳೆ. ನಾಚಿಕೆಯಲ್ಲ ಎಂದು ಸ್ಲೇಟಿನಲ್ಲಿ ಹೇಗೆ ಬರೆಯಲಿ?

ನಾಳಿದ್ದಿನ ಎಕ್ಸ್‌ರೇಯಲ್ಲೂ ಬಿಚ್ಚಿಕೊಂಡಿರದಿದ್ದರೆ ಎದೆ ತೆರೆಯುವ ಮಾತಾಡುತ್ತಿದ್ದಾರೆ.

ನೀನೇ ಕಲಿಸಿದ್ದು. ನೀನೇ ಬಿಡಿಸು.


ಜುಲೈ 3

ನನ್ನ ಪುಟ್ಟ ರೇಡಿಯೋ,

ನಿನ್ನ ಪತ್ರ ಬರುವಷ್ಟರಲ್ಲಿ ನಿನ್ನ ನಾಳಿದ್ದು ಕಳೆದೇ ಹೋಗಿದೆ. ಎಕ್ಸ್‌ರೇ ಏನು ಹೇಳಿತೋ ನನಗೆ ಗೊತ್ತಿಲ್ಲ. ಇದನ್ನು ಯಾರು ಓದುತ್ತಾರೆ, ಎಲ್ಲಿ ಓದುತ್ತಾರೆ ಎಂದು ಯೋಚಿಸದೆ ಬರೆಯುತ್ತಿದ್ದೇನೆ.

ಜೊತೆಗೆ ಒಂದು ಕ್ಯಾಸೆಟ್ ಇದೆ. ಅದರಲ್ಲಿ ಇರುವುದು ನನ್ನ ಕೆಮ್ಮು. ಇಪ್ಪತ್ತು ನಿಮಿಷ. ಆಫೀಸಿನ ರೆಕಾರ್ಡಿಂಗ್ ಕೋಣೆಯಲ್ಲೇ ಕೂತು ಮಾಡಿದೆ. ಮೇಲಿನ ಮಹಡಿಯ ಡಾಕ್ಟರು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಬಾಯಿ ಅಗಲ ತೆರೆ. ಕನ್ನಡಿಯ ಮೇಲೆ ಹಬೆ ಬಿಡುವ ಹಾಗೆ ‘ಹಾ’ ಎಂದು ಉಸಿರು ಬಿಡು. ಎರಡು ಸಲ ‘ಹಾ’, ಮೂರನೆಯದರಲ್ಲಿ ಕೆಮ್ಮು ತಾನಾಗಿ ಬರುತ್ತದೆ. ಬಾಯಿ ತೆರೆದಿದ್ದರೆ ಗಂಟಲು ಬಾಗಿಲು ಹಾಕಲಾರದು. ನನಗೂ ಮೊದಲ ಐದು ನಿಮಿಷ ಬರಲಿಲ್ಲ, ಅದೂ ಟೇಪಿನಲ್ಲಿದೆ, ಅಳಿಸಿಲ್ಲ. ಆರನೇ ನಿಮಿಷದಲ್ಲಿ ಬಂತು. ಜವಾನ ಓಡಿಬಂದು, “ಮೇಡಂ, ನೀರು ತರ್ಲಾ?” ಎಂದು ಕೇಳಿದ್ದೂ ಇದೆ. ನನ್ನ ಜೊತೆಗೆ ಕೆಮ್ಮು. ನಾನು ಒಂದು, ನೀನು ಒಂದು.

ಇನ್ನೊಂದು ಮಾತು ಹೇಳದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ನಾನು ಇಪ್ಪತ್ತೊಂದಕ್ಕೆ ಬರೆದೆ. ಆದರೆ ಕ್ಯಾಸೆಟ್ ನನ್ನ ಕೈಗೆ ಬಂದದ್ದು ಹತ್ತೊಂಬತ್ತಕ್ಕೆ. ಅಂದೇ ಮಧ್ಯಾಹ್ನ ಗೀಟು ಹಾಕಿ ಎಣಿಸಿದೆ. ಅಂದೇ ಗೊತ್ತಾಯಿತು, ಅಥವಾ ಗೊತ್ತಾದ ಹಾಗಾಯಿತು. ಖಚಿತವಾಗದೆ ನಿಮ್ಮನ್ನು ಹೆದರಿಸಬಾರದು ಎಂದು ಮರುದಿನವೆಲ್ಲ ಮತ್ತೆ ಮತ್ತೆ ಕೇಳಿದೆ. ಹಳೆಯ ಅಧ್ಯಾಯಗಳ ಜೊತೆ ಹೋಲಿಸಿದೆ. ಅಕ್ಕಪಕ್ಕ ಎರಡು ಪಟ್ಟಿ ಮಾಡಿದೆ. ನಾನು ಪಟ್ಟಿ ಮಾಡುತ್ತಿದ್ದ ಹೊತ್ತಿನಲ್ಲಿ ನೀನು ಆಟೋದಲ್ಲಿ ಉಸಿರಿಗೆ ಒದ್ದಾಡುತ್ತಿದ್ದೆ. ಹತ್ತೊಂಬತ್ತಕ್ಕೇ ಫೋನ್ ಮಾಡಿದ್ದರೆ ಮೇಸ್ತ್ರಿ ವರ್ಕ್‌ಶಾಪಿನಲ್ಲಿ ಇರುತ್ತಿದ್ದರು. ಎತ್ತುತ್ತಿದ್ದರು.

ಖಚಿತವಾಗುವವರೆಗೆ ಕಾಯುವ ಈ ಗುಣವನ್ನು ಇಷ್ಟು ವರ್ಷ ಎಚ್ಚರಿಕೆ ಎಂದು ಕರೆಯುತ್ತಾ ಬಂದಿದ್ದೇನೆ. ಅದು ಹೆದರಿಕೆ. ತಪ್ಪಾದರೆ ಜನ ಏನೆನ್ನುತ್ತಾರೋ ಎಂಬ ಹೆದರಿಕೆ.

ಕೆಮ್ಮು, ಪುಟ್ಟೀ.

ಅಕ್ಕ


ಜುಲೈ 10

ಮೇಸ್ತ್ರಿಯವರಿಗೆ,

ಒಂದು ವಾರದಿಂದ ಒಂದು ಸಾಲೂ ಇಲ್ಲ. ವರ್ಕ್‌ಶಾಪಿನಲ್ಲಿ ಫೋನ್ ಎತ್ತಿದವರು “ಮೇಸ್ತ್ರಿ ಆಸ್ಪತ್ರೆಗೆ ಹೋಗಿದ್ದಾರೆ, ನಮಗೇನೂ ಗೊತ್ತಿಲ್ಲ” ಎನ್ನುತ್ತಾರೆ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಬಾಗಿಲಿನ ಹಿಂದೆ ನಿಂತುಬಿಡುತ್ತೇನೆ. ಅವನು ನಿಲ್ಲದೆ ಹೋದರೆ ಬಚಾವಾದೆ ಅನ್ನಿಸುತ್ತದೆ. ಹಾಗನ್ನಿಸಿದ್ದಕ್ಕೆ ನಾಚಿಕೆಯಾಗುತ್ತದೆ.

ಜ್ವರ ಬಿಟ್ಟಿದೆ. ಹದಿನೈದರ ರೈಲಿಗೆ ಹೊರಡುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನ ಹೊರಗೆ ಕೂರುತ್ತೇನೆ.


ಜುಲೈ 11

ಅಕ್ಕಾ,

ನಿನ್ನೆ ಟ್ಯೂಬ್ ತೆಗೆದರು. ಇವತ್ತಿನ ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಬಿಚ್ಚಿ ಎದೆಗೋಡೆಗೆ ಅಂಟಿಕೊಂಡಿದೆ. ಅದನ್ನು ನೋಡುವವರೆಗೆ ಬರೆಯಬಾರದು ಎಂದು ನಾನೇ ಮೇಸ್ತ್ರಿಯ ಕೈ ಕಟ್ಟಿದ್ದೆ. ನೋಡು, ಖಚಿತವಾಗಲಿ ಎಂದು ಕಾಯುವ ರೋಗ ನಮ್ಮ ಮನೆತನದ್ದೇ. ನಿನಗೊಬ್ಬಳಿಗೇ ಬಂದಿದೆ ಎಂದು ಜಂಬಪಡಬೇಡ.

ಎರಡನೇ ತಾರೀಕಿನ ಎಕ್ಸ್‌ರೇ ಕೆಟ್ಟದಾಗಿತ್ತು. ಆಪರೇಷನ್‌ಗೆ ಏಳನೇ ತಾರೀಕು ಗೊತ್ತುಮಾಡಿದ್ದರು. ಮೇಸ್ತ್ರಿ ಕಾಗದಕ್ಕೆ ಸಹಿ ಹಾಕಿ, ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದರಂತೆ. ಆರಕ್ಕೆ ನಿನ್ನ ಕ್ಯಾಸೆಟ್ ಬಂತು. ನರ್ಸ್ ತನ್ನ ಟೇಪ್‌ರೆಕಾರ್ಡರ್ ತಂದು ಹಾಕಿದಳು. ಮೊದಲ ಐದು ನಿಮಿಷ ನೀನು ಬರೀ ‘ಹಾ, ಹಾ’ ಅನ್ನುತ್ತಿದ್ದೆ. ಪಕ್ಕದ ಮಂಚದ ಅಜ್ಜಿ, “ಯಾರೇ ಇವಳು, ಹಾಡ್ತಾಳಾ ಇಲ್ವಾ?” ಅಂದಳು. ನಗು ಬಂತು. ಬಾಯಿ ಮುಚ್ಚುವ ಮೊದಲೇ ನಗುವಿನ ಹಿಂದೆ ಕೆಮ್ಮು ಹೊರಗೆ ಬಿತ್ತು. ಪಕ್ಕೆ ಸೀಳಿದ ಹಾಗೆ ನೋವು. ಆಮೇಲೆ ನೀನು ಒಂದು, ನಾನು ಒಂದು. ಅಜ್ಜಿಯೂ ಸೇರಿಕೊಂಡಳು. ಆ ದಿನ ನಾಲ್ಕು ಸಲ ಹಾಕಿದೆವು. ಏಳಕ್ಕೆ ಡಾಕ್ಟರು ಚಾಕು ಹಿಡಿಯುವ ಮೊದಲು ಇನ್ನೊಂದು ಎಕ್ಸ್‌ರೇ ನೋಡಿ, “ಎರಡು ದಿನ ತಡೆಯೋಣ” ಅಂದರು.

ಹತ್ತೊಂಬತ್ತರ ವಿಷಯ. ನೀನು ಹೇಳಿದೆ, ಈಗ ನನ್ನದು ಕೇಳು. ಜೂನ್ ಒಂಬತ್ತಕ್ಕೆ “ಸ್ವಲ್ಪ ಸುಸ್ತು, ಅಷ್ಟೇ” ಎಂದು ಬರೆದ ದಿನವೇ ಎದೆಯ ನಡುವೆ ಚುಚ್ಚಿದ ಹಾಗಾಗಿತ್ತು. ನುಂಗಿದಾಗ ಕುತ್ತಿಗೆಯವರೆಗೆ ನೋಯುತ್ತಿತ್ತು. ಬರೆದರೆ ನೀನು ಪುಸ್ತಕವನ್ನು ಬೇರೆಯವರಿಗೆ ಕೊಡುತ್ತೀಯ ಎಂದು ಬಚ್ಚಿಟ್ಟೆ. ನೀನು ಎರಡು ದಿನ, ನಾನು ಹನ್ನೊಂದು ದಿನ. ನೀನು ಅಂದೇ ಫೋನ್ ಮಾಡಿದ್ದರೆ ಏನಾಗುತ್ತಿತ್ತೋ ನನಗೂ ಗೊತ್ತಿಲ್ಲ. ಏನೂ ಆಗುತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಮತ್ತೆ ಬರಬಹುದು ಎನ್ನುತ್ತಾರೆ. ಬಾರದೆಯೂ ಇರಬಹುದು. ವಿಮಾನ ಹತ್ತಬಾರದು, ಬಲೂನ್ ಊದಬಾರದು. ಎರಡೂ ನನ್ನ ದಿನಚರಿಯಲ್ಲಿ ಇರಲಿಲ್ಲವಲ್ಲ, ಸಮಾಧಾನ. ಎಡಮಗ್ಗುಲಾಗಿ ಮಲಗಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ. ಆ ಸದ್ದು ಕೇಳಿಬಿಟ್ಟರೆ?

ರೇಡಿಯೋ


ಆಗಸ್ಟ್ 24

ಪ್ರೀತಿಯ ರೇಡಿಯೋ,

ನಿನ್ನ ಮನೆಯಿಂದ ಬಂದು ನಾಲ್ಕು ವಾರವಾಯಿತು. ಆ ಬಿಚ್ಚಿದ ಕಪಾಟನ್ನು ಮೇಸ್ತ್ರಿ ಮತ್ತೆ ಜೋಡಿಸಿದ್ದು ಐದನೇ ಅಧ್ಯಾಯದ ಈ ಹೊಸ ಟೇಪಿನಿಂದಲೇ ಗೊತ್ತಾಯಿತು, ಬೀದಿಯ ಸದ್ದೇ ಇಲ್ಲ. ದಿನಕ್ಕೆ ಹತ್ತೇ ನಿಮಿಷ ಓದಬೇಕೆಂಬ ಡಾಕ್ಟರ ಮಾತನ್ನೂ ನೀನು ಪಾಲಿಸಿದ್ದೀಯ. ಜಾಗ ಜಾಗದಲ್ಲಿ ದನಿ ಬೇರೆ ಬೇರೆ ದಿನದ್ದು. ಉಳಿದ ಅಧ್ಯಾಯಗಳನ್ನು ನಾನು ಓದುತ್ತಿದ್ದೇನೆ. ಆ ಆರು ಜನಕ್ಕೆ ಪುಸ್ತಕ ಅರ್ಧ ನಿನ್ನ ದನಿಯಲ್ಲಿ, ಅರ್ಧ ನನ್ನ ದನಿಯಲ್ಲಿ ಸಿಗುತ್ತದೆ.

ಮೈಕನ್ನು ಮೇಜಿನ ಮೇಲಿಡು ಎಂದು ಹೇಳಿ ಬಂದಿದ್ದೆ. ನೀನು ಕಾಲರಿಗೇ ಸಿಕ್ಕಿಸಿಕೊಂಡಿದ್ದೀಯ. ಏಕೆ ಎಂದು ನಾನು ಕೇಳುವುದಿಲ್ಲ. ನಿನಗೆ ಎಡಮಗ್ಗುಲಾಗಿ ಮಲಗಲು ಧೈರ್ಯವಿಲ್ಲ, ಮೊದಲಿನ ನಾನಾಗಿದ್ದರೆ ನನಗೆ ಇದನ್ನು ಕೇಳಲು ಎರಡು ದಿನ ಧೈರ್ಯ ಬರಲಿಲ್ಲ ಎಂದು ಬರೆಯಬೇಕಾಗುತ್ತಿತ್ತು. ಆದರೆ ಕ್ಯಾಸೆಟ್ ಇವತ್ತು ಹತ್ತು ಗಂಟೆಗೆ ಬಂತು, ಹತ್ತೂಕಾಲಿಗೆ ಹಾಕಿದೆ.

ಓದನ್ನು ಆಮೇಲೆ ಕೇಳಿದೆ. ಮೊದಲು ಪುಟ ತಿರುಗುವ ಜಾಗಗಳನ್ನು ಮಾತ್ರ ಹುಡುಕಿ ಹುಡುಕಿ ಕೇಳಿದೆ. ಮೂವತ್ತೊಂದು ಪುಟ, ಮೂವತ್ತೊಂದು ಮೌನ. ಪೆನ್ಸಿಲ್ ಕೈಯಲ್ಲಿತ್ತು. ಒಂದು ಗೀಟನ್ನೂ ಹಾಕಲಿಲ್ಲ. ಇವತ್ತು ರಾತ್ರಿ ಎಡಕ್ಕೆ ಮಲಗು.

ಪರಿಶೀಲನೆಯ ಚೀಟಿ ಜೊತೆಗಿದೆ. ಆಫೀಸಿನ ಪ್ರತಿಯಲ್ಲೂ ಹೀಗೇ ಬರೆದಿದ್ದೇನೆ:

“ಐದನೇ ಅಧ್ಯಾಯ. ಮೊದಲ ಕ್ಯಾಸೆಟ್, ಹದಿನಾಲ್ಕನೇ ನಿಮಿಷ: ಕೆಮ್ಮು, ಎರಡು ಸಲ, ಬಾಯಿ ತೆರೆದು. ಎರಡನೇ ಕ್ಯಾಸೆಟ್, ಮೂರನೇ ನಿಮಿಷ: ಕೆಮ್ಮು, ಜೋರಾಗಿ. ದೋಷವಿಲ್ಲ.”

ಅಕ್ಕ